ಅಕ್ಕ ಇಂಗ್ಲಿಷಿನಲ್ಲಿ ಅಂದ ಮಾತು

ದರ್ಜಿಗಳ ಬೀದಿಯಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕತ್ತರಿಗಳಿಗೆ ಸಾಣೆ ಹಿಡಿಯುವ ಹೆಂಗಸನ್ನು ಎಲ್ಲರೂ ಸಾಣೆಯಕ್ಕ ಎನ್ನುತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು, ಕೋಪ ಮಾತ್ರ ಇನ್ನೂ ಮೂಗಿನ ತುದಿಯಲ್ಲೇ ಇತ್ತು. ಸಾಣೆ ಹಿಡಿದ ಮೇಲೆ ಒದ್ದೆ ಬಟ್ಟೆಯ ಚೂರೊಂದನ್ನು ಕತ್ತರಿಸಿ ನೋಡುವಳು. ಒಂದು ನೂಲು ಸಿಕ್ಕಿಕೊಂಡರೂ ಮತ್ತೆ ಚಕ್ರ ತುಳಿಯುವಳು. ಅವಸರ ಮಾಡುವ ದರ್ಜಿಗೆ, ಹಲ್ಲಿನಿಂದ ಕಚ್ಚಿ ಹರಿದುಕೋ ಹೋಗು ಎನ್ನುವಳು.

ಅವಳು ಕೂರುತ್ತಿದ್ದುದು ಬೀದಿಗೆ ಬೆನ್ನು ಹಾಕಿ. ಗಿರಾಕಿ ಬಂದರೆ ಕೆಮ್ಮಿ ತಿಳಿಸಬೇಕು. ಕಾರಣ, ಮೂರು ವರ್ಷದ ಹಿಂದೆ ಎದುರಿಗೆ ಬಂದ ಚಪ್ಪಲಿ ಅಂಗಡಿಯ ಬೋರ್ಡು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಪ್ಯಾರಗಾನ್’ ಎಂದು ಬರೆದಿತ್ತು. ಆ ಪದ ಕಣ್ಣಿಗೆ ಬಿದ್ದರೆ ಅವಳ ಮೈ ಉರಿಯುತ್ತಿತ್ತು, ಹಿಂದೆಯೇ ತನ್ನ ಒಡಹುಟ್ಟಿದ ಅಕ್ಕನ ನೆನಪು ಬರುತ್ತಿತ್ತು. ಉರಿಯನ್ನಾದರೂ ತಡೆದುಕೊಳ್ಳಬಹುದು, ನೆನಪನ್ನು ತಡೆಯುವುದು ಕಷ್ಟ.

ಅವಳಿಗಿದ್ದದ್ದು ಒಬ್ಬಳೇ ಅಕ್ಕ, ಬೇರೆ ಊರಿನಲ್ಲಿ ಇಂಗ್ಲಿಷ್ ಟೀಚರ್. ಅಪ್ಪ ಹಾಸಿಗೆ ಹಿಡಿದಾಗ ಹದಿಮೂರರ ತಂಗಿ ಶಾಲೆ ಬಿಟ್ಟು ಸಾಣೆಯ ಮುಂದೆ ಕೂತಳು, ಅಕ್ಕ ಓದು ಮುಂದುವರಿಸಿದಳು. ಅದಕ್ಕೆ ಇವಳಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಬೇಸರವಿದ್ದದ್ದು ಅಮ್ಮನ ಮಾತಿಗೆ. ಬಟ್ಟೆ ಮಡಿಸಿದರೆ ಅಕ್ಕನ ಹಾಗೆ ಮಡಿಸು, ನಕ್ಕರೆ ಅಕ್ಕನ ಹಾಗೆ ನಗು. ಅಕ್ಕನನ್ನು ನಕಲು ಮಾಡುವುದರಲ್ಲೇ ಅರ್ಧ ಆಯುಸ್ಸು ಹೋಯಿತು, ನಕಲು ಒಂದು ದಿನವೂ ಸರಿಬರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅಕ್ಕ ನಿವೃತ್ತಳಾದಳು. ಬೀಳ್ಕೊಡುಗೆ ಸಮಾರಂಭಕ್ಕೆ ಇವಳೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅಕ್ಕ ಮೈಕಿನ ಮುಂದೆ ನಿಂತು, ಇವಳತ್ತ ಕೈ ತೋರಿಸಿ, ಇಂಗ್ಲಿಷಿನಲ್ಲಿ ಏನೋ ಅಂದಳು. ಇವಳಿಗೆ ತಿಳಿದದ್ದು ಎರಡೇ ಪದ: ‘ಸಿಸ್ಟರ್’ ಮತ್ತು ‘ಪ್ಯಾರಗಾನ್’. ಪಕ್ಕದಲ್ಲಿದ್ದ ಇಬ್ಬರು ಇವಳ ಸವೆದ ಪ್ಯಾರಗಾನ್ ಚಪ್ಪಲಿ ನೋಡಿ ಕಿಸಕ್ಕೆಂದರು. ತುಂಬಿದ ಸಭೆಯಲ್ಲಿ ಒಡಹುಟ್ಟಿದವಳೇ ನನ್ನನ್ನು ಚಪ್ಪಲಿ ಅಂದಳಲ್ಲ ಎಂದು ಇವಳು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದಳು. ಆಮೇಲೆ ಅಕ್ಕನ ಫೋನು ಬಂದಾಗಲೆಲ್ಲ ಕತ್ತರಿಸಿದಳು. ಅಷ್ಟೊಂದು ಕತ್ತರಿಗಳ ನಡುವೆ ಕೂತವಳಿಗೆ ಅದೇನು ಮಹಾ. ಕೊನೆಗೆ ಅಕ್ಕನೂ ಸುಮ್ಮನಾದಳು. ಅವಳು ಸುಮ್ಮನಾದ ಮೇಲೆ ಇವಳು ಫೋನಿಗಾಗಿ ಕಾಯತೊಡಗಿದಳು. ಹೀಗೂ ಇರುತ್ತಾರೆ ಜನ, ಏನು ಮಾಡುವುದು.

ಕಸುಬು ಕಲಿಯುವಾಗ ಕಲ್ಲಿಗೆ ತಾಗಿ ಬೆರಳು ತರಚಿದರೆ ಅಕ್ಕ ಪುಸ್ತಕ ಮುಚ್ಚಿಟ್ಟು ಬಂದು ಊದುತ್ತಿದ್ದಳು. ಈಗಲೂ ತರಚಿದಾಗ ಸಾಣೆಯಕ್ಕನಿಗೆ ಆ ಉಸಿರು ಬೇಕೆನಿಸುತ್ತಿತ್ತು. ಅಕ್ಕ ಬೇಕೆನಿಸುತ್ತಿದ್ದಳು. ಆದರೆ ಚಪ್ಪಲಿ ಅಂದವಳ ಬಾಗಿಲಿಗೆ ತಾನಾಗಿ ಹೋಗುವುದು ಹೇಗೆ?

ಮೊನ್ನೆ ಮಧ್ಯಾಹ್ನ ‘ಅಲ್ಪವಿರಾಮ’ದವರು ಬಂದರು. ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿ, ಮಾತಾಡುವಾಗಲೂ ಎರಡು ಪದಕ್ಕೊಮ್ಮೆ ನಿಲ್ಲುವ ಮುದುಕರು, ಅದಕ್ಕೇ ಆ ಹೆಸರು. ಕಾಗದ ಕತ್ತರಿಸುವ ಕತ್ತರಿಯನ್ನು ಸಾಣೆಗೆ ಕೊಟ್ಟು, ಗಾಳಿ ಬೆಳಕಿಗೆ ಬೆನ್ನು ಹಾಕಿ ಯಾಕೆ ಕೂರುತ್ತೀರಿ ಎಂದರು. ಎಷ್ಟೋ ಜನ ಕೇಳಿ ಬೈಸಿಕೊಂಡಿದ್ದ ಪ್ರಶ್ನೆ. ಅಂದು ಬೆಳಗಿನಿಂದ ಅಕ್ಕನ ನೆನಪು ಬಿಡದೆ ಕಾಡಿತ್ತೋ ಏನೋ, ಅವಳು ಎಲ್ಲವನ್ನೂ ಹೇಳಿಬಿಟ್ಟಳು.

ಅವರು ನಗಲಿಲ್ಲ. “ಅದು, ಬೈಗುಳ ಅಲ್ಲಮ್ಮ,” ಎಂದರು. “ಇಂಥವರನ್ನ ನೋಡಿ, ಉಳಿದವರು ಕಲೀಬೇಕು ಅನ್ನೋ ಹಾಗಿದ್ದರೆ, ಅವರಿಗೆ ಹಾಗಂತಾರೆ. ಚಪ್ಪಲಿಯವರೂ, ಅದಕ್ಕೇ, ಆ ಹೆಸರು ಇಟ್ಕೊಂಡಿರೋದು.”

ಆಮೇಲೆ ಪದದ ವಂಶಾವಳಿಯನ್ನೇ ಬಿಡಿಸಿದರು. ಇಂಗ್ಲಿಷಿನವರು ಅದನ್ನು ಫ್ರೆಂಚರಿಂದ ತಂದರಂತೆ, ಫ್ರೆಂಚರು ಇಟಲಿಯವರಿಂದ. ಇಟಲಿಯಲ್ಲಿ ಅದು ಚಿನ್ನ ಉಜ್ಜಿ ನೋಡುವ ಒರೆಗಲ್ಲಿನ ಹೆಸರು. ಇನ್ನೂ ಹಿಂದಕ್ಕೆ, ಗ್ರೀಕರ ತನಕ ಹೋದರೆ, ಕಲ್ಲಿಗೆ ಹಿಡಿದು ಹರಿತ ಮಾಡುವುದು ಎಂದು ಅರ್ಥ.

“ಅಂದ್ರೆ, ನೀವು ಈಗ, ಮಾಡ್ತಿರೋ ಕೆಲಸವೇ.”

ಚಕ್ರ ತುಳಿಯುತ್ತಿದ್ದ ಕಾಲು ನಿಂತಿತು. ಹೊಗಳಿದವಳಿಗೆ ಹನ್ನೊಂದು ವರ್ಷ ಶಿಕ್ಷೆ ಕೊಟ್ಟೆನಲ್ಲ ಎಂದುಕೊಂಡಳು. ಅವರು ಹೋದ ಮೇಲೆ ಫೋನು ತೆಗೆದಳು. ನಂಬರು ಹುಡುಕಬೇಕಿರಲಿಲ್ಲ, ಬಾಯಿಪಾಠವಾಗಿತ್ತು. ಅಕ್ಕ ಎತ್ತುತ್ತಾಳೋ ಇಲ್ಲವೋ, ಎತ್ತುವ ಸ್ಥಿತಿಯಲ್ಲಿದ್ದಾಳೋ ಇಲ್ಲವೋ ಎಂದುಕೊಳ್ಳುತ್ತಲೇ ಒತ್ತಿದಳು.

ಅಕ್ಕ ಎತ್ತಿದಳು. ದನಿ ಮುದಿಯಾಗಿತ್ತು. ನಾನು ಎಂದಷ್ಟೇ ಹೇಳಿ, ಇವಳು ಚಪ್ಪಲಿಯ ಕತೆಯನ್ನೂ ಪದದ ಅರ್ಥವನ್ನೂ ಒಂದೇ ಉಸಿರಿಗೆ ಒದರಿದಳು. ಅಕ್ಕ ನಗುತ್ತಾಳೆ ಎಂದುಕೊಂಡಿದ್ದಳು. ಅಕ್ಕ ಅಳುತ್ತಿದ್ದಳು.

“ನಮ್ಮ ಮಾತಲ್ಲೇ ಹೇಳಬಹುದಿತ್ತಲ್ಲಕ್ಕ.”

“ನಾಚಿಕೆ ಆಯ್ತು ಕಣೆ. ನಮ್ಮನೇಲಿ ಯಾರೂ ಯಾರಿಗೂ ಅಂಥದ್ದೆಲ್ಲ ಹೇಳಿದವರಲ್ಲ. ಇಂಗ್ಲಿಷಲ್ಲಾದ್ರೆ ಬೇರೆ ಯಾರೋ ಹೇಳಿದ ಹಾಗಿರುತ್ತೆ.”

“ಈಗ ಹೇಳು.”

ಮೂವತ್ತೈದು ವರ್ಷ ಪಾಠ ಹೇಳಿದವಳು ಪದಕ್ಕಾಗಿ ತಡಕಾಡಿದಳು.

“ಚಿಕ್ಕೋಳಿದ್ದಾಗಿಂದ... ನಾನು ನಿನ್ನ ಹಾಗಿರಬೇಕು ಅಂತ ಆಸೆ ಇತ್ತು ಕಣೆ. ಆಗ್ಲಿಲ್ಲ.”

ಬೀದಿಯಲ್ಲಿ ಒಂದು ಸದ್ದೂ ಇರಲಿಲ್ಲ, ಒಂದೊಂದು ಅಕ್ಷರವೂ ಸಾಣೆಯಕ್ಕನ ಕಿವಿಗೆ ಬಿದ್ದಿತ್ತು.

“ಕೇಳಿಸ್ಲಿಲ್ಲಕ್ಕ,” ಎಂದಳು. “ಇನ್ನೊಂದ್ಸಲ ಹೇಳು.”