ಸೋಮವಾರ ನಿಲ್ಲುವ ಕುರ್ಚಿ

ನನ್ನ ಬ್ಯಾಟರಿ ಕುರ್ಚಿ ಮೊದಲ ಸಲ ನಿಂತಿದ್ದು ರಾಂಪುರದ ಬಳ್ಳಾರಿ ರಸ್ತೆಯಲ್ಲಿ, ಗೊಬ್ಬರದಂಗಡಿಯ ಎದುರಿಗೆ. ಹಿಂದೆ ಲಾರಿ, ಮುಂದೆ ಎಮ್ಮೆ, ನಡುವೆ ನಾನು. ನಾಲ್ಕು ಜನ ಬಂದು, ನನ್ನನ್ನು ಒಂದು ಮಾತೂ ಕೇಳದೆ, ಕುರ್ಚಿ ಸಮೇತ ಎತ್ತಿ ರಸ್ತೆ ಬದಿಗಿಟ್ಟರು. ಉಪಕಾರವೇ, ಇಲ್ಲ ಅನ್ನುವುದಿಲ್ಲ. ಆದರೆ ಮೂಟೆ ಎತ್ತಿದ ಹಾಗೆ ನನ್ನನ್ನು ಎತ್ತುವುದು ನನಗೆ ಆಗದು. ಮಧ್ಯಾಹ್ನ ಗುಂಡಿ ಒತ್ತಿದರೆ ಕುರ್ಚಿ ಏನೂ ಆಗಿಲ್ಲವೆಂಬಂತೆ ಹೊರಟಿತು. ನನಗೆ ಅನುಮಾನ ಶುರುವಾಗಿದ್ದು ಆಗಲೇ.

ಚಿಕ್ಕಂದಿನ ಜ್ವರದಲ್ಲಿ ಎರಡೂ ಕಾಲು ಹೋದವಳು ನಾನು. ನಲವತ್ತು ವರ್ಷ ಅಣ್ಣನ ಗಾಡಿಯ ಹಿಂದೆ ಕೂತು, ಬೀಳದ ಹಾಗೆ ಟವೆಲ್ಲಿನಲ್ಲಿ ಅವನ ಸೊಂಟಕ್ಕೆ ಕಟ್ಟಿಸಿಕೊಂಡು ಓಡಾಡಿದ್ದೇನೆ. ಕುರ್ಚಿ ಬಂದ ಮೇಲೆ ಸರ್ಕಲ್ಲಿನ ಹತ್ತಿರ ಒಂದು ಮಳಿಗೆ ಹಿಡಿದು, ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಕೆಲಸ ಹಚ್ಚಿಕೊಂಡೆ. ಮನೆಯಿಂದ ಅಲ್ಲಿಗೆ ಒಬ್ಬಳೇ ಹೋಗುವುದು, ಒಬ್ಬಳೇ ಬರುವುದು. ಅದರ ರುಚಿ ಕಾಲಿದ್ದವರಿಗೆ ಹೇಳಿದರೆ ತಿಳಿಯುವುದಿಲ್ಲ. ಮೂರನೇ ಸಲ ರಸ್ತೆಯಲ್ಲಿ ನಿಂತಾಗ ಅಣ್ಣ, ಇನ್ನೊಂದು ಸಲ ಹೀಗಾದರೆ ಕುರ್ಚಿ ಮಾರಿಬಿಡೋಣ, ನಾನೇ ಬಿಟ್ಟುಬರುತ್ತೇನೆ ಅಂದ. ಪ್ರೀತಿಯಿಂದಲೇ ಅಂದ. ನನಗೆ ಮಾತ್ರ ಆ ಟವೆಲ್ಲು ಕಣ್ಣ ಮುಂದೆ ಬಂತು.

ರಿಪೇರಿಯವನು ಇದ್ದದ್ದು ಚಳ್ಳಕೆರೆಯಲ್ಲಿ. ಲಗೇಜ್ ಆಟೋದಲ್ಲಿ ಕುರ್ಚಿ ಕಳಿಸುವ ಮುಂಚೆ ಬ್ಯಾಟರಿಗಳ ತಳಕ್ಕೆ ಉಗುರು ಬಣ್ಣದಲ್ಲಿ ಗುರುತು ಹಾಕಿದ್ದೆ, ಒಳ್ಳೆಯದನ್ನು ತೆಗೆದು ಹಳೆಯದನ್ನು ಇಟ್ಟುಬಿಟ್ಟರೆ ಅಂತ. ಅಲ್ಲಿ ಕುರ್ಚಿ ತನ್ನಷ್ಟು ಸಾಧು ಇನ್ನೊಂದಿಲ್ಲ ಎಂಬಂತೆ ಓಡಿತಂತೆ. ಅವನು ಒಂದೊಂದು ವೈರನ್ನೂ ಅಲುಗಾಡಿಸಿದ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದ, ಚಕ್ರ ನೆಲಕ್ಕೆ ತಾಗದ ಹಾಗೆ ಎತ್ತಿಟ್ಟು ಅರ್ಧ ದಿನ ಓಡಿಸಿದ. ಒಮ್ಮೆಯೂ ನಿಲ್ಲಲಿಲ್ಲ. ನಿಂತಾಗ ಕೈ ಇಡುವ ಕಡೆಯ ಸಾಲುದೀಪಗಳಲ್ಲಿ ಎಷ್ಟು ಮಿಟುಕುತ್ತವೆ ಎಣಿಸಿ ಹೇಳಿ, ಆ ಲೆಕ್ಕದಲ್ಲೇ ರೋಗ ಇರುತ್ತದೆ ಅಂತ ಫೋನಿನಲ್ಲಿ ಹೇಳಿದ. ಬ್ಯಾಟರಿ ನನ್ನ ಗುರುತಿನ ಸಮೇತ ವಾಪಸು ಬಂತು. ನಿಜ ಹೇಳಬೇಕೆಂದರೆ ಕೊಂಚ ನಿರಾಸೆಯೇ ಆಯಿತು.

ಮುಂದಿನ ಸಲ ನಿಂತಾಗ, ಅಣ್ಣನ ಕಿವಿಗೆ ಹಾಕದೆ, ಎಣಿಸಿದೆ. ಹಿಂದೆ ಹಾರನ್ನು, ಮೇಲೆ ಬಿಸಿಲು. ಆರು. ಆರು ಎಂದರೆ ಚಾರ್ಜರ್ ಚುಚ್ಚಿದ್ದೇ ಇದೆ ಎಂದು ಕುರ್ಚಿ ತಿಳಿದಿದೆ, ಆ ತೂತಿನಲ್ಲಿ ಏನೋ ಕೈಯಾಟ ಆಗಿರಬೇಕು ಎಂದ ರಿಪೇರಿಯವನು, ಮನೆಯಲ್ಲಿ ಚಾರ್ಜರ್ ಹಾಕುವವರು ಯಾರು ಅಂತ ಕೇಳಿದ.

ಹಾಕುವವಳು ಅತ್ತಿಗೆ.

ಅಂಗಡಿಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕುರ್ಚಿ ನಿಂತ ದಿನಗಳನ್ನು ಬರೆದಿಟ್ಟಿದ್ದೆ. ತೆಗೆದು ನೋಡಿದರೆ ಎಲ್ಲವೂ ಸೋಮವಾರ. ಎಲ್ಲ ಸೋಮವಾರವೂ ನಿಂತಿರಲಿಲ್ಲ, ಆದರೆ ನಿಂತದ್ದೆಲ್ಲ ಸೋಮವಾರವೇ. ಸೋಮವಾರ ಅಣ್ಣ ಶೇಂಗಾ ವ್ಯಾಪಾರಕ್ಕೆ ಬೆಳಿಗ್ಗೆಯೇ ಚಳ್ಳಕೆರೆಗೆ ಹೋಗುತ್ತಾನೆ. ಅವ್ವ ಈಶ್ವರನ ಗುಡಿಗೆ ಹೋಗಿ ಬರುತ್ತಾಳೆ. ನಾನು ಬಚ್ಚಲಲ್ಲಿರುತ್ತೇನೆ. ಪಡಸಾಲೆಯಲ್ಲಿ ಕುರ್ಚಿ, ಮನೆಯಲ್ಲಿ ಅತ್ತಿಗೆ. ಕಾರಣ ಹುಡುಕಲು ನಾನು ದೂರ ಹೋಗಬೇಕಿರಲಿಲ್ಲ. ಮೊದಲೆಲ್ಲ ಅಕ್ಕಿ ಆರಿಸುವುದು, ಕಾಯಿಪಲ್ಲೆ ಹೆಚ್ಚುವುದು ನನ್ನ ಪಾಲಿನದಾಗಿತ್ತು. ನಾನು ಅಂಗಡಿಗೆ ಹೊರಟ ಮೇಲೆ ಅಷ್ಟೂ ಅವಳ ತಲೆಗೆ ಬಿದ್ದಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಅವಳು ಸಾರಿಗೆ ಉಪ್ಪು ಕಡಿಮೆ ಹಾಕಿದರೂ ನನಗೆ ಅದರಲ್ಲೊಂದು ಸಂಚು ಕಾಣತೊಡಗಿತು.

ಒಂದು ಭಾನುವಾರ ಸಂಜೆ, ಚಾರ್ಜರಿನ ಪಿನ್ನು ಕುರ್ಚಿಗೆ ಕೂಡುವ ಕಡೆ ಸೀಮೆಸುಣ್ಣದಲ್ಲಿ ಸಣ್ಣ ಗೆರೆ ಎಳೆದೆ. ಬೆಳಿಗ್ಗೆ ಗೆರೆ ಇದ್ದ ಹಾಗೇ ಇತ್ತು. ಬುದ್ಧಿ ಇದ್ದವಳು ಅಲ್ಲಿಗೆ ಬಿಡುತ್ತಿದ್ದಳು. ನಾನು, ಎಂಥ ಹುಷಾರಿ ಹೆಂಗಸು, ಗೆರೆ ನೋಡಿಯೇ ಕೈ ಬಿಟ್ಟಿದ್ದಾಳೆ ಅಂದುಕೊಂಡೆ.

ಅದರ ಮುಂದಿನ ಸೋಮವಾರ ಬೇಕೆಂದೇ ಸ್ನಾನ ಬೇಗ ಮುಗಿಸಿ, ಕೈಯೂರಿಕೊಂಡು ನಡುಮನೆಯ ಬಾಗಿಲಿಗೆ ತೆವಳಿ ಬಂದೆ. ಅತ್ತಿಗೆ ಕುರ್ಚಿಯ ಮೇಲೆ ಬಗ್ಗಿದ್ದಳು. ಬಲಗೈ ಇಡುವ ಕಡೆ ಕುರ್ಚಿ ನಡೆಸುವ ಪುಟ್ಟ ಕೋಲು ಇರುತ್ತದಲ್ಲ, ಅದರ ಬುಡಕ್ಕೆ ಸೆರಗಿನ ತುದಿ ಒತ್ತಿ ಏನೋ ಮಾಡುತ್ತಿದ್ದಳು. ನನ್ನನ್ನು ಕಂಡು ಬೆಚ್ಚಿ ಕೈ ತೆಗೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನನಗೆ ಇನ್ನೇನು ಸಾಕ್ಷಿ ಬೇಕಿತ್ತು?

ಅಣ್ಣ ಬರುವವರೆಗೂ ಬಾಯಿ ಬಿಗಿಹಿಡಿದಿದ್ದೆ. ಅವನು ಬಂದು ಕೈಕಾಲು ತೊಳೆದು ಕೂತ ಮೇಲೆ, ಎಲ್ಲರೆದುರಿಗೆ, ಅಷ್ಟು ವರ್ಷ ನೀವು ಎಂದವಳಿಗೆ ನೀನು ಎಂದೆ.

“ನಾನು ಮನೇಲೇ ಬಿದ್ದಿರ್ಬೇಕು ಅಂತ ಕುರ್ಚಿ ಕೆಡಿಸ್ತಿರೋಳು ನೀನೇ.”

ಅತ್ತಿಗೆ ಬತ್ತಿ ಹೊಸೆಯುತ್ತ ಕೂತಿದ್ದ ಅವ್ವನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಅವ್ವ ತಲೆ ಎತ್ತಲಿಲ್ಲ. ಪಕ್ಷ ವಹಿಸುವವರನ್ನು ಹುಡುಕುತ್ತಿದ್ದಾಳೆ ಎಂದೇ ನಾನು ಅರ್ಥ ಮಾಡಿಕೊಂಡೆ. ಮರುದಿನ ಅವಳು ಮೊಳಕಾಲ್ಮೂರಿನ ತವರಿಗೆ ಹೊರಟಳು. ಬಿಟ್ಟುಬಂದ ಅಣ್ಣ ನನ್ನೊಡನೆ ಮಾತು ನಿಲ್ಲಿಸಿದ.

ಅವಳಿಲ್ಲದ ಮೊದಲ ಸೋಮವಾರ ಕುರ್ಚಿ ನಮ್ಮ ಗೇಟನ್ನೂ ದಾಟಲಿಲ್ಲ.

ದೀಪಗಳು ಮಿಟುಕುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ ರಿಪೇರಿಯವನಿಗೆ ಕಳಿಸಿದೆ. ಐದು ನಿಮಿಷಕ್ಕೆ ಅವನ ಫೋನು ಬಂತು.

“ಅಕ್ಕಾರೇ, ಇದು ಆರಲ್ಲ, ಏಳು ಐತೆ. ಏಳು ಅಂದ್ರೆ ಚಾರ್ಜರ್ ಅಲ್ಲ, ನೀವು ಕೈಯಲ್ಲಿ ಹಿಡಿಯೋ ಕೋಲು. ಬುಡದ ರಬ್ಬರ್ ಎತ್ತಿ ನೋಡ್ರಿ.”

ಎತ್ತಿದೆ. ರಬ್ಬರಿನಲ್ಲಿ ಕೂದಲೆಳೆಯಂಥ ಸೀಳು, ಒಳಗೆಲ್ಲ ಒದ್ದೆ. ಬೆರಳಿಗೆ ಅಂಟು ಹತ್ತಿತು. ಮೂಸಿದೆ. ಹಾಲು, ಬಾಳೆಹಣ್ಣು, ಸಕ್ಕರೆ. ಸೋಮವಾರ ಸೋಮವಾರ ಅವ್ವ ಗುಡಿಯಿಂದ ತಂಬಿಗೆಯಲ್ಲಿ ತರುವ ಅಭಿಷೇಕದ ತೀರ್ಥ.

ಕುರ್ಚಿ ಮನೆಗೆ ಬಂದ ದಿನ ಅವ್ವ ನಿಂಬೆಹಣ್ಣು, ಕುಂಕುಮ ಹಿಡಿದು ಬಂದಿದ್ದಳು. ಇದೇನು ಲಾರಿಯಾ ಎಂದು ರೇಗಿ ಅವಳನ್ನು ಓಡಿಸಿದ್ದೆ. ಆಮೇಲೆ ಅವಳು ನನ್ನೆದುರು ಕುರ್ಚಿಯನ್ನು ಮುಟ್ಟಿರಲಿಲ್ಲ. ನಾನು ಬಚ್ಚಲಲ್ಲಿದ್ದಾಗ ಒಂದು ಚಮಚ ತೀರ್ಥ ಆ ಕೋಲಿನ ನೆತ್ತಿಗೆ ಬಿಡುತ್ತಿದ್ದಳು. ಹಿಂದೆಯೇ ಅತ್ತಿಗೆ ಬಂದು ಒರೆಸುತ್ತಿದ್ದಳು. ಕೂಡಲೇ ಒರೆಸಿದ ವಾರ ಕುರ್ಚಿ ಓಡುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿಯೋ ಏನೋ ಅವಳು ತಡ ಮಾಡಿದ ವಾರ ಒಳಗೆ ಇಳಿದು ನಿಲ್ಲುತ್ತಿತ್ತು. ನಮ್ಮ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಒಣಗುತ್ತಿತ್ತು. ಚಳ್ಳಕೆರೆಯವನ ಕೈಗೆ ರೋಗ ಸಿಗುವುದಾದರೂ ಹೇಗೆ?

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ತಪ್ಪು ಮಾಡಿದ ನಾಚಿಕೆಗೆ ಇನ್ನಷ್ಟು ಸಿಟ್ಟು ಬಂತು. ನೆತ್ತಿಗೇರಿದ ಸಿಟ್ಟಿನಲ್ಲಿ ಅವ್ವನನ್ನು ಕರೆದು, ನಡುರಸ್ತೆಯಲ್ಲಿ ನನ್ನ ಮಾನ ಕಳೆದದ್ದು ನೀನು, ಅತ್ತಿಗೆಯನ್ನು ಮನೆ ಬಿಡಿಸಿದ್ದೂ ನೀನು ಎಂದು ಕೂಗಾಡಿದೆ. ಅವ್ವ ಕೈಯಲ್ಲಿದ್ದ ತಂಬಿಗೆಯನ್ನೇ ನೋಡುತ್ತ ನಿಂತಳು.

“ನೀನು ಒಬ್ಳೇ ಹೋಗ್ತೀಯಲ್ಲವ್ವ,” ಎಂದಳು.

ತಂಬಿಗೆಯನ್ನು ಗೂಡಿನಲ್ಲಿ ಬೋರಲು ಹಾಕಿದಳು. ಚಳ್ಳಕೆರೆಯವನು ಹೊಸ ರಬ್ಬರ್ ಹಾಕಿ, ಒಳಗನ್ನು ಸ್ವಚ್ಛ ಮಾಡಿ ಕಳಿಸಿದ. ಕುರ್ಚಿ ಒಮ್ಮೆಯೂ ತಪ್ಪಲಿಲ್ಲ. ಮುಂದಿನ ಸೋಮವಾರ ಅವ್ವ ಗುಡಿಗೆ ಹೋಗಲಿಲ್ಲ. ಹೋಗಿ ಬರುತ್ತೇನೆ ಎಂದು ನಾನು ಎರಡು ಸಲ ಕೂಗಿದರೂ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಬಾಗಿಲಿಗೆ ಬರಲಿಲ್ಲ.

ಅವತ್ತು ಅಂಗಡಿ ತೆರೆಯಲಿಲ್ಲ. ಆಟೋ ಕರೆಸಿ, ಎತ್ತಿ ಕೂರಿಸಪ್ಪ ಎಂದು ಡ್ರೈವರನಿಗೆ ನಾನೇ ಹೇಳಿ ಮೊಳಕಾಲ್ಮೂರಿಗೆ ಹೋದೆ. ಅತ್ತಿಗೆಯ ತವರಿಗೆ ಐದು ಮೆಟ್ಟಿಲು. ಹತ್ತುವಂತಿಲ್ಲ, ಆಟೋದಲ್ಲೇ ಉಳಿದೆ. ಆಚೆಮನೆಯಲ್ಲಿ ಮಗ್ಗ ಬಡಿಯುತ್ತಿತ್ತು. ಅವಳ ತಾಯಿ ಹೊಸಿಲಿಂದ ಇಣುಕಿ ತೆಲುಗಿನಲ್ಲಿ ಯಾರೆಂದು ಕೇಳಿ ಒಳಗೆ ಹೋದರು. ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಕಟ್ಟಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ದೀಪದ ಲೆಕ್ಕ. ಏಳನ್ನು ಆರು ಎಂದು ಎಣಿಸಿಬಿಟ್ಟೆ ಎಂದೆ. ಅವಳಿಗೆ ಅದು ಬೇಕಿರಲಿಲ್ಲ.

“ತೀರ್ಥದಿಂದ ಕೆಟ್ಟಿದ್ದು ಅಂತ ಅತ್ತೆಗೆ ಗೊತ್ತಾತಾ?”

“ಹೂಂ. ನಾನೇ ಹೇಳ್ದೆ.”

ಅವಳು ಆಟೋದ ಕಂಬಿ ಹಿಡಿದು ನಿಂತುಬಿಟ್ಟಳು.

“ಮತ್ತೆ ನಾನ್ಯಾಕೆ ಅನ್ನಿಸ್ಕೊಂಡು ಬಂದೆ?”

ಅವಳು ಒಳಗೆ ಹೋದಳು. ಇನ್ನು ಬರುವುದಿಲ್ಲ ಎಂದೇ ತಿಳಿದು ಡ್ರೈವರನಿಗೆ ಹೊರಡೋಣ ಅನ್ನುವಷ್ಟರಲ್ಲಿ ಬ್ಯಾಗು ಹಿಡಿದು ಬಂದು ನನ್ನ ಪಕ್ಕದಲ್ಲಿ ಕೂತಳು. ನನ್ನ ಮುಖ ನೋಡಲಿಲ್ಲ. ಊರು ದಾಟಿದ ಮೇಲೆ, ಅತ್ತೆ ಬೆಳಿಗ್ಗೆ ಏನಾದರೂ ಉಂಡರಾ ಎಂದು ಕೇಳಿದಳು.

ನಾನು ನೋಡಿರಲಿಲ್ಲ.