ನೀಲಿ ಕಡೆಯ ಬಿಸಿನೀರು

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನಮ್ಮ ಅತ್ತೆ ಅಡುಗೆಮನೆಯ ನಳಕ್ಕೆ ಪೂಜೆ ಮಾಡಿದರು.

ನಗಬೇಡಿ. ಹೊಸ ಸ್ಕೂಟರಿಗೆ ನಿಂಬೆಹಣ್ಣು ಕಟ್ಟುವವರು ನಾವೇ ಅಲ್ಲವೇ? ನೀರಿನ ತಾಯಿ ಗಂಗವ್ವ ಬರುವ ದಾರಿಗೆ ಒಂದಿಷ್ಟು ವಿಭೂತಿ ಬೇಡವೇ? ಬಿಸಿನೀರು ತಣ್ಣೀರು ಎರಡೂ ಬರುವ, ಥಳಥಳ ಹೊಳೆಯುವ ಹೊಸ ಮಿಕ್ಸರ್ ನಳದ ಕೊರಳಿಗೆ ಅತ್ತೆ ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಊದುಬತ್ತಿ ಬೆಳಗಿದರು. ಸಕ್ಕರೆ ನೈವೇದ್ಯ ಮಾಡಿ ಎಲ್ಲರ ಅಂಗೈಗೂ ಹಾಕಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಮೊಣಕೈಯಿಂದ ಹಿಡಿಕೆಯನ್ನು ನೀಲಿ ಗುರುತಿನ ಕಡೆ ತಳ್ಳಿ, ಎರಡೂ ಕೈಗಳನ್ನು ನೀರಿಗೆ ಒಡ್ಡಿದರು.

"ಯಪ್ಪಾ! ಕೈ ಸುಟ್ಟಿತಲ್ಲೋ ಯಪ್ಪಾ!"

ಬೊಬ್ಬೆ ಏಳಲಿಲ್ಲ, ಪುಣ್ಯ. ಅಂಗೈ ಸ್ವಲ್ಪ ಕೆಂಪಾಯಿತು, ಅಷ್ಟೇ. ಆದರೆ ಅತ್ತೆಯ ಮುಖ ಅದಕ್ಕಿಂತ ಕೆಂಪಾಗಿತ್ತು. "ಇದು ನಳ ಅಲ್ಲ, ಎಸರಿನ ಗಡಿಗಿ. ನಂಗ ಬ್ಯಾಡ ತಾಯಿ, ಹಳೇದ್ನ ಹಾಕಸ್ರಿ" ಎಂದವರೇ ಅಡುಗೆಮನೆ ಬಿಟ್ಟು ಪಡಸಾಲೆಗೆ ಹೋಗಿ ಕೂತುಬಿಟ್ಟರು. ನಾನು ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ನಿಂತೇ ಇದ್ದೆ.

ಆ ನಳ ತಂದದ್ದೇ ಅವರಿಗಾಗಿ ಕಣ್ರೀ!

ಹಿಂದಿನದನ್ನು ಸ್ವಲ್ಪ ಹೇಳಬೇಕು. ನಮ್ಮ ಅತ್ತೆ ಸಿರಿಗೇರಿಯವರು. ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಅವರ ಖಾತೆ. ನಾನು ಬಡಿದರೆ ಅದು ಯಾವುದೋ ದೇಶದ ನಕಾಶೆ. ಅವರು ಬಡಿದರೆ ಹುಣ್ಣಿಮೆ. ಎರಡು ವರ್ಷದ ಹಿಂದೆ ಅವರ ಬೆರಳ ಗೆಣ್ಣುಗಳು ಬಿಗಿಯತೊಡಗಿದವು. ಹಿಟ್ಟು ನಾದಲು, ರೊಟ್ಟಿ ಬಡಿಯಲು ಅಂಗೈ ಸಾಕು, ಅದೇನೂ ಕಷ್ಟವಿರಲಿಲ್ಲ. ಕಷ್ಟವಾದದ್ದು ನಳ ತಿರುಗಿಸುವುದು. ನಮ್ಮದು ಹಳೆಯ ಕಾಲದ ತಿರುಪಿನ ನಳ. ಬಿಗಿಯಾಗಿ ತಿರುಗಿಸದಿದ್ದರೆ ತೊಟ್ಟಿಕ್ಕುತ್ತದೆ, ಬಿಗಿಯಾಗಿ ತಿರುಗಿಸಿದರೆ ಮತ್ತೆ ಬಿಚ್ಚಲು ಪೈಲ್ವಾನ ಬೇಕು.

"ಸುಮಾ, ನಳ ಬಿಡು ಬಾ." "ಸುಮಾ, ನಳ ಬಂದ್ ಮಾಡ್ ಬಾ." ಬೆಳಗಿನಲ್ಲಿ ಹತ್ತು ಸಲ ಕರೆ. ನಾನು "ಬಂದೇರಿ, ಬಂದೆ" ಎನ್ನುತ್ತಿದ್ದೆ. (ಬಂದೆ ಎನ್ನುವುದಕ್ಕೂ ಬರುವುದಕ್ಕೂ ನಡುವೆ ಎಷ್ಟು ಹೊತ್ತು ಎಂಬುದು ಎಲ್ಲ ಮನೆಗಳಿಗೂ ಗೊತ್ತು.) ಅಷ್ಟು ಹೊತ್ತೂ ಅವರು ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಮುಂದೆ ಎತ್ತಿಕೊಂಡು ಸಿಂಕಿನ ಎದುರು ನಿಂತಿರುತ್ತಿದ್ದರು.

ಒಂದು ದಿನ ನಾನು ಫೋನಿನಲ್ಲಿ ಮಾತಿಗೆ ಬಿದ್ದು ಮರೆತೇಬಿಟ್ಟೆ. ನೆನಪಾಗಿ ಓಡಿ ಬಂದಾಗ ಹಿಟ್ಟು ಅವರ ಬೆರಳುಗಳ ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಗ್ಗೆ, "ಇವತ್ತ ಅನ್ನನ ಸಾಕು ತಗೋ" ಎಂದರು. ಅದರ ಮರುದಿನವೂ ಅನ್ನವೇ. ಆಮೇಲೆ ನಾವು ರೊಟ್ಟಿಯನ್ನು ಅಂಗಡಿಯಿಂದ ತರಲು ಶುರು ಮಾಡಿದೆವು. ನನಗೆ ಎಷ್ಟು ನಾಚಿಕೆಯಾಗಿತ್ತು ಅಂದರೆ, ಆ ರೊಟ್ಟಿಯ ಪೊಟ್ಟಣವನ್ನು ಅತ್ತೆಯ ಎದುರು ಬಿಚ್ಚುತ್ತಿರಲಿಲ್ಲ.

ಮಗ, ಅಂದರೆ ನಮ್ಮ ಮನೆಯವರು, ತಾಯಿಯನ್ನು ಡಾಕ್ಟರಿಂದ ಡಾಕ್ಟರಿಗೆ ಕರೆದೊಯ್ದರು. ಮುಲಾಮು ಬಂತು. ಬಿಸಿ ಮೇಣದ ಶಾಖ ಆಯಿತು. ಹಿಸುಕಲು ಒಂದು ರಬ್ಬರ್ ಚೆಂಡು ಬಂತು. ಬೆರಳು ಮಾತ್ರ ಇದ್ದ ಹಾಗೇ ಇದ್ದವು.

ನಳದ ಐಡಿಯಾ ಕೊಟ್ಟವನು ಪ್ಲಂಬರ್ ಖಾಜಾ. ಬಾತ್‌ರೂಮಿನ ವಾಷರ್ ಬದಲಿಸಲು ಬಂದವನು ಅತ್ತೆ ಚಹಾದ ಲೋಟ ತೊಳೆಯಲು ಒದ್ದಾಡುವುದನ್ನು ನೋಡಿದ. "ಅಕ್ಕಾ, ಅವ್ವಾರಿಗೆ ಮಿಕ್ಸರ್ ನಳ ಹಾಕಸ್ರಿ. ಒಂದ ಹಿಡಿಕಿ. ತಿರುವೂದಿಲ್ಲ, ಬರೇ ದಬ್ಬೂದು. ಚಳ್ಯಾಗ ಬೆರಳಿಗೆ ಬಿಸಿನೀರೂ ಸಿಗತಾವು, ಗೀಜರ್ ಹೆಂಗೂ ಗ್ವಾಡಿ ಆಚೀಕ ಬಾತ್‌ರೂಮಿನ್ಯಾಗ ಐತಿ" ಎಂದ. ಹೋಗುವಾಗ ಬಾಗಿಲಲ್ಲಿ ನಿಂತು ಪಾಠವನ್ನೂ ಹೇಳಿದ: "ಚಂದ ನೋಡಿ ತರಬ್ಯಾಡ್ರಿ. ಕೈಯಾಗ ಹಿಡದು ತೂಕ ನೋಡ್ರಿ, ಹಿತ್ತಾಳಿ ಇದ್ರ ಭಾರ ಇರತೈತಿ. ನಿಮ್ಮ ಮ್ಯಾಲಿನ ಟ್ಯಾಂಕಿನ ನೀರಿನ ಜೋರು ಕಮ್ಮಿ, ಅದನ್ನೂ ಅಂಗಡ್ಯಾಗ ಹೇಳ್ರಿ."

ಕೌಲ್ ಬಜಾರಿನ ಅಂಗಡಿಗೆ ಹೋದೆವು. "ಚೂಡಂಡಿ ಅಮ್ಮಾ" (ನೋಡಿ ಅಮ್ಮಾ) ಎಂದು ತೆಲುಗಿನಲ್ಲಿ ಶುರು ಮಾಡಿದ ಅಂಗಡಿಯವರು ಕನ್ನಡಕ್ಕೆ ಬರುವಷ್ಟರಲ್ಲಿ ಕೌಂಟರಿನ ಮೇಲೆ ಹದಿನೈದು ನಳ ಸಾಲಾಗಿ ನಿಂತಿದ್ದವು. ನಮ್ಮ ಮನೆಯವರ ಕಣ್ಣು ಹಂಸದ ಕತ್ತಿನಂತೆ ಎತ್ತರಕ್ಕೆ ಹೋಗಿ ಬಾಗಿದ್ದ ಒಂದರ ಮೇಲೆ. ಎತ್ತಿದೆ. ಹಗುರ! ಅಷ್ಟು ಎತ್ತರದಿಂದ ನೀರು ಬಿದ್ದರೆ ಪಾತ್ರೆಗಿಂತ ಮೊದಲು ನನ್ನ ಸೀರೆ ತೊಳೆಯುತ್ತದೆ. ಇಳಿಸಿದೆ.

ಆಮೇಲೆ ನಾನು ನನ್ನದೇ ಪರೀಕ್ಷೆ ಶುರು ಮಾಡಿದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ನಳದ ಮುಂದೆ ನಿಂತು, ಮೊಣಕೈಯಿಂದ ತಳ್ಳಿ ನೋಡಿದೆ.

"ಏನ್ ಮಾಡಾಕತ್ತೀ? ಮಂದಿ ನೋಡಾಕತ್ತಾರ" ಎಂದು ಮನೆಯವರು ಪಿಸುಗುಟ್ಟಿದರು.

"ನೋಡ್ಲಿ. ನಿಮ್ಮವ್ವ ದಿನಾ ಹಿಂಗ ದಬ್ಬಬೇಕು."

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮನೆಯವರೂ ಆ ತುದಿಯಿಂದ ಮೊಣಕೈ ಹಾಕುತ್ತಾ ಬರುತ್ತಿದ್ದಾರೆ! ಅಂಗಡಿಯವರು ನಗು ತಡೆಯಲಾರದೆ ಕೆಮ್ಮಿದರು. ಕೊನೆಗೆ ಭಾರವಿದ್ದ, ಕತ್ತು ಮಧ್ಯಮ ಎತ್ತರದ, ತಳ್ಳಿದರೆ ಬೆಣ್ಣೆಯಲ್ಲಿ ಜಾರಿದಂತೆ ಜಾರುವ ಒಂದನ್ನು ಆರಿಸಿದೆವು. "ಎಡಕ್ಕ ಕೆಂಪು, ಬಿಸಿನೀರು. ಬಲಕ್ಕ ನೀಲಿ, ತಣ್ಣೀರು. ಗ್ಯಾರಂಟಿ ಮಾಲು" ಎಂದರು ಅಂಗಡಿಯವರು. ಖಾಜಾ ಬಂದು ನಳ ಜೋಡಿಸಿ ಹೋದ ಮೇಲೆ ನಾನು ಅಂಗಡಿಯವರ ಮಾತನ್ನೇ ಅತ್ತೆಗೆ ಹೇಳಿದೆ: "ನೀಲಿ ಕಡೆ ದಬ್ಬಿದ್ರ ತಣ್ಣೀರು ಬರತಾವರಿ ಅತ್ತಿ."

ತಪ್ಪಾದದ್ದು ಇಲ್ಲಿ.

ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳ ಮಧ್ಯಾಹ್ನ ನಮ್ಮ ಟೆರೇಸಿನ ಕಪ್ಪು ಟ್ಯಾಂಕಿನ ನೀರಿಗೆ ಚಹಾಪುಡಿ ಹಾಕುವುದೊಂದೇ ಬಾಕಿ. ಹಳೆಯ ನಳವಾಗಿದ್ದರೆ ಅತ್ತೆ ಮೊದಲು ಬೆರಳ ತುದಿ ಒಡ್ಡಿ ನೋಡುತ್ತಿದ್ದರು. ಆದರೆ ಇದು ನೀಲಿ. ನೀಲಿ ಅಂದರೆ ತಣ್ಣೀರು ಎಂದು ಎರಡು ಡಿಗ್ರಿ ಓದಿದ ಸೊಸೆ ಹೇಳಿದ್ದಾಳೆ! ಈ ಹೊಸ ನಳದೊಳಗೆ ಫ್ರಿಜ್ಜಿನಂಥದ್ದು ಏನೋ ಇದೆ ಎಂದು ಅವರು ನಂಬಿಬಿಟ್ಟಿದ್ದರು. ಆ ಸಂಭ್ರಮದಲ್ಲಿ ನಾನೂ ಅರ್ಧ ನಂಬಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅವತ್ತು ಮಾತ್ರ ಒಪ್ಪಿಕೊಳ್ಳಲಿಲ್ಲ. ಅತ್ತೆ ಪಡಸಾಲೆಗೆ ಹೋದದ್ದೇ ತಡ, ಖಾಜಾನಿಗೆ ಫೋನು ಮಾಡಿ ಝಾಡಿಸಿದೆ. ಪೈಪುಗಳನ್ನು ಅದಲು ಬದಲು ಜೋಡಿಸಿದ್ದಾನೆ, ಇನ್ನೇನು? ಅವನು ಊಟ ಅರ್ಧಕ್ಕೆ ಬಿಟ್ಟು ಓಡಿ ಬಂದ. ನೀಲಿ ಕಡೆ ತಳ್ಳಿದ, ಸುಡುವ ನೀರು. ಕೆಂಪು ಕಡೆ ತಳ್ಳಿದ. ತಂಪಾದ ನೀರು!

"ನೋಡಪಾ! ಉಲ್ಟಾ ಕೊಟ್ಟೀಯೋ ಇಲ್ಲೋ?" ಎಂದು ಸೊಂಟಕ್ಕೆ ಕೈಯಿಟ್ಟುಕೊಂಡೆ.

ಖಾಜಾ ಸಿಂಕಿನ ಕೆಳಗೆ ತೂರಿ ನೋಡಿದ. ಗೀಜರ್ ನೋಡಿ ಬಂದ. ಮಾಳಿಗೆ ಹತ್ತಿ ಟ್ಯಾಂಕು ಮುಟ್ಟಿ ಕೈ ಝಾಡಿಸುತ್ತಾ ಇಳಿದ. ಆಮೇಲೆ ಗೋಡೆಗೆ ಒರಗಿ ನಗತೊಡಗಿದ.

"ಅಕ್ಕಾ, ಪೈಪ್ ಬರೋಬರಿ ಅದಾವ. ನಮ್ಮ ಬಳ್ಳಾರಿ ಬಿಸಲ ಉಲ್ಟಾ ಐತಿ!"

ಸಂಗತಿ ಇಷ್ಟೇ. ಬೇಸಿಗೆಯಲ್ಲಿ ನಾವು ಗೀಜರ್ ಹಚ್ಚುವುದಿಲ್ಲ. ಅದರೊಳಗೆ ನಿಂತ ನೀರು ನೆರಳಲ್ಲಿ, ದಪ್ಪ ಹೊದಿಕೆಯೊಳಗೆ, ತಂಪಾಗಿ ಕೂತಿರುತ್ತದೆ. ಟ್ಯಾಂಕಿನ ನೀರು ಬಿಸಿಲಿನಲ್ಲಿ ಕುದಿಯುತ್ತದೆ. ಅಂದಮೇಲೆ ಕೆಂಪು ಕಡೆ ತಂಪು, ನೀಲಿ ಕಡೆ ಬಿಸಿ. "ಹಂಗಾರ ಆ ಬಣ್ಣನ ಅದಲ ಬದಲ ಮಾಡು" ಎಂದೆ. "ಮಾಡ್ತೀನ್ರಿ. ದೀಪಾವಳಿಗೆ ಗೀಜರ್ ಹಚ್ಚಿದ ಮ್ಯಾಲ ಮತ್ತ ಬದಲಿ ಮಾಡಾಕ ಬರಬೇಕಾಗತೈತಿ ನೋಡ್ರಿ" ಎಂದ. ಊಟ ಕೆಡಿಸಿದ್ದಕ್ಕೆ ಅವನನ್ನು ನಮ್ಮನೆಯಲ್ಲೇ ಉಣ್ಣಲು ಕೂಡಿಸಿದೆ.

ಅತ್ತೆಗೆ ಹೋಗಿ ವಿವರಿಸಿದೆ. ಅವರು "ಹೂಂ" ಎಂದರು. ಅಡುಗೆಮನೆಗೆ ಮಾತ್ರ ಬರಲಿಲ್ಲ. ಸೋಮವಾರ ಅಂಗಡಿ ರೊಟ್ಟಿ. ಮಂಗಳವಾರ ಅಂಗಡಿ ರೊಟ್ಟಿ. ಬುಧವಾರ ಹಳೆಯ ನಳವನ್ನು ಗುಜರಿಗೆ ಹಾಕಬೇಡಿ ಎಂದು ಮನೆಯವರಿಗೆ ಹೇಳಿದೆ. ಸೋತೆ ಅನ್ನಿಸಿತು.

ಗುರುವಾರ ಬೆಳಗಿನ ಜಾವ ಎಚ್ಚರವಾಯಿತು. ಪಟ್ ಪಟ್ ಪಟ್.

ಆ ಸದ್ದನ್ನು ಎರಡು ವರ್ಷದ ನಂತರ ಕೇಳಿದರೂ ಗುರುತು ಸಿಗದೇ ಇರುತ್ತದೆಯೇ? ಎದ್ದು ಬರಿಗಾಲಲ್ಲಿ ಹೋಗಿ ಬಾಗಿಲಲ್ಲಿ ನಿಂತೆ. ಅತ್ತೆ ರೊಟ್ಟಿ ಬಡಿದು ಹಂಚಿಗೆ ಹಾಕಿದರು. ಸಿಂಕಿಗೆ ಬಂದರು. ಹಿಟ್ಟು ಮೆತ್ತಿದ ಎರಡೂ ಕೈ ಮೇಲಿದ್ದವು. ಮೊಣಕೈಯಿಂದ ಹಿಡಿಕೆಯನ್ನು ಎಡಕ್ಕೆ, ಕೆಂಪು ಗುರುತಿನ ಪಕ್ಕದ ಕಿಟಕಿಯ ಕಡೆಗೆ, ತಳ್ಳಿದರು. ಕೈ ತೊಳೆದರು. ಮೊಣಕೈಯಿಂದಲೇ ಬಂದ್ ಮಾಡಿದರು. ಯಾರನ್ನೂ ಕರೆಯಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ?

"ಏನ್ ಗೊಂಬಿ ನಿಂತಂಗ ನಿಂತಿ? ರೊಟ್ಟಿ ಹೊಳ್ಳಿ ಹಾಕು, ಹೊತ್ತತೈತಿ!" ಎಂದರು.

ಖಾಜಾ ಹೇಳಿದ್ದನ್ನೆಲ್ಲ ಅವರು ಪಡಸಾಲೆಯಲ್ಲಿ ಕೂತೇ ಕೇಳಿಸಿಕೊಂಡಿದ್ದರಂತೆ. ಮೂರು ದಿನ ನಾವೆಲ್ಲ ಮಲಗಿದ್ದಾಗ ನಸುಕಿಗೇ ಎದ್ದು ಬಂದು ಒಬ್ಬರೇ ಪರೀಕ್ಷೆ ಮಾಡಿದ್ದಾರೆ! ಈಗ ಅವರದೇ ಒಂದು ಪದ್ಧತಿ ಇದೆ. ನಸುಕಿನಲ್ಲಿ ಕಿಟಕಿ ಕಡೆಯಿಂದ ಒಂದು ಬಕೆಟ್ ನೀರು ಹಿಡಿದು ಗಿಡಗಳಿಗೆ ಹಾಕುತ್ತಾರೆ. ಅಷ್ಟು ಹೊತ್ತಿಗೆ ರಾತ್ರಿ ತಂಪಾದ ಟ್ಯಾಂಕಿನ ನೀರು ಗೀಜರಿಗೆ ಇಳಿದಿರುತ್ತದೆ. ಮಧ್ಯಾಹ್ನಕ್ಕೆ ಅದೇ ತಣ್ಣೀರು. ಕುರುಗೋಡಿನಲ್ಲಿರುವ ತಮ್ಮ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಗೀಜರ್ ಅಂದ್ರ ಏನವಾ? ಗ್ವಾಡಿಗೆ ತೂಗಹಾಕಿದ ಗಡಿಗಿ. ಬ್ಯಾಸಗ್ಯಾಗ ತಂಪಿಗೂ ಕಿಡಕಿ ಕಡೆ, ಚಳ್ಯಾಗ ಬಿಸಿಗೂ ಕಿಡಕಿ ಕಡೆ. ಕೆಂಪು ನೀಲಿ ನೋಡಾಕ ಹೋದ್ರ ಕೈ ಸುಟಗೋತೀ."

ನಳದ ಉಸ್ತುವಾರಿಯೂ ಈಗ ಅವರದೇ. ನಮ್ಮ ನೀರಿನಲ್ಲಿ ಸುಣ್ಣ ಜಾಸ್ತಿ, ನಿಮಗೆ ಗೊತ್ತಲ್ಲ? ಹದಿನೈದೇ ದಿನಕ್ಕೆ ಧಾರೆ ಸಣ್ಣಗಾಯಿತು. ನಳದ ಬಾಯಲ್ಲಿರುವ ಪುಟ್ಟ ಜಾಲರಿ ಬಿಚ್ಚಿ ನಿಂಬೆರಸದಲ್ಲಿ ನೆನೆಸಿಡುವುದನ್ನು ಖಾಜಾ ತೋರಿಸಿಕೊಟ್ಟ. ಬಿಚ್ಚುವ ಕೆಲಸ ಮಗನದು, ನೆನೆಸುವುದು ತಾಯಿಯದು. ಹಿತ್ತಾಳೆ ಕೊಡದ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಿದ್ದರು, ಹೊಳಪು ಹೋಗುತ್ತದೆ ಎಂದು ಖಾಜಾ ಗದರಿದ ಮೇಲೆ ತಮ್ಮ ಹಳೆಯ ಸೀರೆಯ ತುಂಡಿನಿಂದ ದಿನಾ ಒರೆಸುತ್ತಾರೆ. ನಳದ ಜೊತೆ ಬಂದ ಎರಡು ಭಾಷೆಯ ಮ್ಯಾನ್ಯುಯಲ್ಲನ್ನು ಓದಿ ಮುಗಿಸಿದ ಮಗ ಮಾತ್ರ ಈಗಲೂ ನೀಲಿ ಕಡೆ ತಳ್ಳಿ, ಕೈ ಸುಟ್ಟುಕೊಂಡು "ಹಾ!" ಎನ್ನುತ್ತಾರೆ.

ಹೋದ ವಾರ ಅತ್ತೆಯನ್ನು ಮಾಮೂಲಿ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಬೆರಳು ಮಡಚಿ ನೋಡಿ, "ಹೆಂಗದಾವ್ರಿ ಕೈ? ಕೆಲಸ ಮಾಡಾಕ ಬರತೈತೇನು?" ಎಂದು ಕೇಳಿದರು.

"ದಿನಾ ಹನ್ನೆರಡ ರೊಟ್ಟಿ ಮಾಡ್ತೀನ್ರಿ" ಎಂದರು ಅತ್ತೆ, ಬೆನ್ನು ನೆಟ್ಟಗೆ ಮಾಡಿ. ಡಾಕ್ಟರಿಗೆ ಭಾರೀ ಖುಷಿ. ಯಾವ ಮುಲಾಮು ಹಿಡಿಯಿತು ಎಂದು ಚೀಟಿ ತಿರುವಿ ನೋಡತೊಡಗಿದರು.

"ಕೈ ಇದ್ದಂಗನ ಅದಾವ್ರೀ ಡಾಕ್ಟ್ರ. ನಳ ಆರಾಮಾಗೈತಿ."

ಹಾಗಾದರೆ ಎರಡು ವರ್ಷ ನಾವು ಯಾವುದಕ್ಕೆ ಔಷಧಿ ಹಚ್ಚುತ್ತಿದ್ದೆವು?