ಕಪ್ಪಾದ ಇಸಿಜಿ

ಹಾಳೆ ಪೂರ್ತಿ ಕಪ್ಪಾಗಿತ್ತು. ಬಲಮೂಲೆಯಲ್ಲಿ ಮಾತ್ರ ಬೆರಳಗಲ ಗುಲಾಬಿ ಚೌಕಳಿ ಉಳಿದಿತ್ತು. ಮೇಲೆ ಹೊಳೆಯುವ ಪ್ಲಾಸ್ಟಿಕ್. ದೊಡ್ಡಪ್ಪ ಅದನ್ನು ಶಿಗ್ಗಾವಿಯ ಡಾಕ್ಟರಮ್ಮನ ಮೇಜಿನ ಮೇಲೆ, ಪದಕ ಒಪ್ಪಿಸುವವನಂತೆ, ಎರಡೂ ಕೈಯಿಂದ ಇಟ್ಟ.

ಅದು ಅವ್ವನ ಹಿಂದಿನ ವರ್ಷದ ಇಸಿಜಿ. ಆ ಕಾಗದದ ಮೇಲೆ ಶಾಯಿ ಇರುವುದಿಲ್ಲ, ಶಾಖಕ್ಕೆ ಗೆರೆ ಮೂಡುತ್ತದೆ. ಬಿಸಿ ಮಷೀನಿನಲ್ಲಿ ತೂರಿಸಿ ಲ್ಯಾಮಿನೇಶನ್ ಮಾಡಿಸಿದರೆ ಹಾಳೆಯೆಲ್ಲ ಕಪ್ಪು. ದೊಡ್ಡಪ್ಪ ಮಾಡಿಸಿದ್ದ. ಎಲ್ಲವನ್ನೂ ಮಾಡಿಸುತ್ತಾನೆ: ರೇಷನ್ ಕಾರ್ಡು, ನನ್ನ ಅಂಕಪಟ್ಟಿ, ಮೊಮ್ಮಗನ ಜಾತಕ. ಪ್ಲಾಸ್ಟಿಕ್ಕಿನೊಳಗೆ ಹೋದದ್ದು ಸುರಕ್ಷಿತ ಎಂಬುದು ಅವನ ಏಕೈಕ ಸಿದ್ಧಾಂತ. ಅಪ್ಪ ತೀರಿಕೊಂಡ ಮೇಲೆ ದುಂಡಸಿಯ ನಮ್ಮ ಮನೆಯ ಕಾಗದಗಳೂ ತೀರ್ಮಾನಗಳೂ ಅವನ ವಶ.

"ಬೆಳಕಿಗೆ ಹಿಡೀರಿ ಮೇಡಂ, ಕಾಣ್ತೈತಿ," ಎಂದ.

ಡಾಕ್ಟರಮ್ಮ ಹಿಡಿದು ನೋಡಿದರು. "ಹಂಚಿನ ಮ್ಯಾಲ ರೊಟ್ಟಿ ಹೊತ್ತಿಸಿದಂಗ ಆಗೇತ್ರಿ, ಯಜಮಾನ್ರ."

ಹಳೆಯದು ಬೇಕೇ ಬೇಕಿತ್ತು. ಆಗಷ್ಟೇ ತೆಗೆದ ಇಸಿಜಿಯಲ್ಲಿ, ಹೃದಯದ ಕೆಳಗೋಡೆಯನ್ನು ತೋರಿಸುವ ಸಾಲುಗಳಲ್ಲಿ, ಪ್ರತಿ ಬಡಿತದ ಆರಂಭಕ್ಕೆ ಅಗಲವಾದ ತಗ್ಗು ಕಾಣುತ್ತಿತ್ತು. ಅಲ್ಲಿ ಸ್ನಾಯು ಸತ್ತಿರಬೇಕು. ಅವ್ವನಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ಅಂಥವರಿಗೆ ನೋವಿಲ್ಲದೆಯೇ ಆಘಾತ ಬಂದುಹೋಗಬಹುದಂತೆ. ಅವಳು ಹೇಳಿಕೊಂಡದ್ದು ಇಷ್ಟೇ: ರೊಟ್ಟಿ ಬಡಿಯುವಾಗ ದಣಿವು, ತಣ್ಣನೆಯ ಬೆವರು. ಆ ತಗ್ಗು ಹಿಂದಿನ ವರ್ಷವೇ ಇತ್ತೋ, ಮೊನ್ನೆ ಮೊನ್ನೆ ಬಂತೋ? ಹೊಸದಾಗಿದ್ದರೆ ಅವಳು ಮನೆಗೆ ಹೋಗುವಂತಿರಲಿಲ್ಲ. ಇನ್ನು ರಕ್ತವೇ ಹೇಳಬೇಕಿತ್ತು. ಹೃದಯದ ಸ್ನಾಯು ಸತ್ತಾಗ ಟ್ರೊಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ, ಕೆಲವು ದಿನ ಅಲ್ಲೇ ಉಳಿಯುತ್ತದೆ. ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಕೆಲವು ತಾಸು ಬಿಟ್ಟು ಎರಡು ಸಲ ರಕ್ತ ತೆಗೆಯಬೇಕು.

"ಎರಡು ಹೊತ್ತು ಹಿಂಡಾಕ ಈಕಿ ಏನ್ ಆಕಳೇನ್ರಿ?" ಎಂದ ದೊಡ್ಡಪ್ಪ.

ಅವ್ವ ನಕ್ಕಳು. ಅವನ ಹಾಸ್ಯಕ್ಕೆ ನಗುವುದು ನಮ್ಮ ಮನೆಯ ಹೆಂಗಸರ ಕೆಲಸಗಳಲ್ಲೊಂದು, ನೀರು ತರುವಂತೆ.

"ಹಾರ್ಟ್ ಅಟ್ಯಾಕ್ ಅಂದ್ರ ಎದಿ ಹಿಡಕೊಂಡು ದಪ್ಪನ ಬೀಳಬೇಕು. ಈಕಿ ಬಸ್ಸಿನ್ಯಾಗ ನಿಂತು ಬಂದಾಳ!"

ಬಸ್ಸಿನಲ್ಲಿ ಖಾಲಿಯಿದ್ದ ಒಂದೇ ಸೀಟಿನಲ್ಲಿ ಕೂತು ಬಂದವನು ಅವನೇ.

ಸಂಜೆಯೊಳಗೆ ಎರಡೂ ವರದಿ ಬಂದವು. ಎರಡರಲ್ಲೂ ಟ್ರೊಪೋನಿನ್ ಹೆಚ್ಚಿತ್ತು, ಎರಡನೆಯದರಲ್ಲಿ ತುಸು ಇಳಿದಿತ್ತು. ಆಘಾತ ಕೆಲವೇ ದಿನಗಳ ಹಿಂದಿನದು. ಇನ್ನೊಂದು ಬಂದರೆ ಉಳಿಯುವುದು ಕಷ್ಟ ಎಂದರು ಡಾಕ್ಟರಮ್ಮ. ಔಷಧಿ ಶುರು ಮಾಡಿದ್ದೇನೆ, ರಾತ್ರಿ ಇಲ್ಲೇ ಇರಲಿ, ಬೆಳಗಾಗುತ್ತಲೇ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದೂ ಹೇಳಿದರು.

"ನಾಳೆ ಅಮಾಸಿ," ದೊಡ್ಡಪ್ಪ ಎದ್ದು ನಿಂತ. "ಅಮಾಸಿ ದಿನ ನಮ್ಮ ಮನಿ ಹೆಣ್ಣಮಕ್ಕಳನ್ನ ಊರು ದಾಟಸೂದಿಲ್ಲ. ಆಮ್ಯಾಲ ನೋಡೂಣು. ಈಗ ನಡೀರಿ ಮನಿಗೆ."

ಅವ್ವ ಮಂಚದಿಂದ ಕಾಲು ಇಳಿಬಿಟ್ಟು ಚಪ್ಪಲಿ ಹುಡುಕತೊಡಗಿದಳು. "ಹಿರ್ಯಾರು ಹೇಳಾಕತ್ತಾರ, ಸುಮ್ನಿರವ್ವಾ," ಎಂದಳು ನನಗೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಚಪ್ಪಲಿಯನ್ನು ಕಾಲಿನಿಂದ ಮಂಚದಡಿಗೆ ತಳ್ಳಿದೆ. "ಅವ್ವ ಎಲ್ಲೂ ಬರೂದಿಲ್ಲ ದೊಡ್ಡಪ್ಪಾ. ನೀವು ಹೋಗ್ರಿ, ಬಸ್ಸು ತಪ್ಪೀತು."

"ನಾಲ್ಕಕ್ಷರ ಕಲಿಸಿದ್ರ ಹಿಂಗ ನೋಡ್ರಿ," ಎಂದು ಅವನು ಡಾಕ್ಟರಮ್ಮನಿಗೆ ದೂರಿದ. ಕಲಿಸಿದವನು ಅವನಲ್ಲ. ಅವನ ಮುಖದಲ್ಲಿ ಅವಮಾನ ಧಾರಾಳವಾಗಿತ್ತು. ಅವ್ವನ ಬಗ್ಗೆ ಭಯವನ್ನು ನಾನು ಹುಡುಕಿದೆ, ಕಾಣಲಿಲ್ಲ. ಕಪ್ಪು ಹಾಳೆಯನ್ನು ಮರಳಿ ಕೇಳಿ ಪಡೆದು, ಕಂಕುಳಲ್ಲಿ ಇರಿಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ಆಂಬುಲೆನ್ಸ್ ಹುಬ್ಬಳ್ಳಿ ದಾರಿಯ ತಡಸ ಊರು ದಾಟುವಾಗ ನನ್ನ ಫೋನು ರಿಂಗಾಯಿತು. ಅವನದೇ. ಅವ್ವ ಮಲಗಿದಲ್ಲಿಂದಲೇ ಕೈ ಚಾಚಿದಳು. ನಾನು ಫೋನು ಬಂದ್ ಮಾಡಿ ಚೀಲದೊಳಗೆ ಹಾಕಿದೆ.